ಹಳೆಯ ತೆಪ್ಪಕ್ಕೆ ಹೊಸ ಡಾಂಬರು ಸಾಕೇ?

ಶಿಕಾರಿಪುರ, ಸೊರಬ ಎಂದರೆ ಕೆರೆಗಳ ಸೀಮೆ. ಕದಂಬ ದೊರೆ ಕಾಕುತ್ಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ತಾಳಗುಂದದ ಕಂಬದ ಶಾಸನ ಹೇಳುತ್ತದೆ. ಅದು 5ನೆಯ ಶತಮಾನದ ಮಾತು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿಗೆ ಊರೇ ಮೀನಿನ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುತ್ತದೆ, ಅದಕ್ಕೆ ದೋಣಿ ಬೇಕಿಲ್ಲ. ಆದರೆ ಕುಮುದ್ವತಿಯ ಅಂಜನಾಪುರ ಜಲಾಶಯದಂಥ ಆಳದ ನೀರಿನಲ್ಲಿ ಕಾಟ್ಲಾ, ರೋಹುಗಳಿಗೆ ಬಲೆ ಬಿಡಬೇಕಾದರೆ ತೆಪ್ಪ, ಅಂದರೆ ಬಿದಿರಿನ ಬುಟ್ಟಿಗೆ ಚೀಲ ಹೊದಿಸಿ ಡಾಂಬರು ಬಳಿದ ದುಂಡು ದೋಣಿ ಬೇಕು.

ಅಪ್ಪನ ಕಾಲದ ತೆಪ್ಪವನ್ನು ಹಿತ್ತಿಲಿನಿಂದ ಎತ್ತಿ ಮತ್ತೆ ನೀರಿಗೆ ಬಿಡುವಾಗ ಸಲಹೆಗಳಿಗೆ ಬರವಿಲ್ಲ. ಅವುಗಳಲ್ಲಿ ಅನುಭವದ ಮಾತುಗಳ ಜೊತೆಗೆ ಬರೀ ನಂಬಿಕೆಗಳೂ ಬೆರೆತಿರುತ್ತವೆ. ಇದು ಜೀವದ ಪ್ರಶ್ನೆಯಾದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡಬೇಕು.

ತಪ್ಪು ಕಲ್ಪನೆ: ಬಿದಿರು ತೇಲುತ್ತದೆ, ಹಾಗಾಗಿ ತೆಪ್ಪ ಮುಳುಗುವುದಿಲ್ಲ.

ಸತ್ಯ: ತೆಪ್ಪವನ್ನು ಎತ್ತಿ ಹಿಡಿಯುವುದು ಅದು ಸರಿಸುವ ನೀರು. 2 ಮೀಟರ್ ಅಗಲದ, ಚಪ್ಪಟೆ ತಳದ ತೆಪ್ಪ 10 ಸೆಂ.ಮೀ. ಇಳಿದರೆ ಸುಮಾರು 300 ಲೀಟರ್ ನೀರನ್ನು ಸರಿಸುತ್ತದೆ. ಅಂದರೆ ತನ್ನ ತೂಕವೂ ಸೇರಿ ಅಷ್ಟೇ ಕಿಲೋ ಭಾರ ಹೊರುತ್ತದೆ. ಒಳಗೆ ನೀರು ತುಂಬಿದ ಮೇಲೆ ಈ ಲೆಕ್ಕ ನಡೆಯದು. ಆಗ ಉಳಿಯುವುದು ಬಿದಿರಿನ ತೇಲುವ ಶಕ್ತಿ ಮಾತ್ರ. 30 ಕಿಲೋ ಒಣ ಬಿದಿರು ಹೆಚ್ಚೆಂದರೆ ಹತ್ತಿಪ್ಪತ್ತು ಕಿಲೋ ಎತ್ತೀತು, ನೆನೆದ ಬಿದಿರು ಅಷ್ಟನ್ನೂ ಎತ್ತದು. ಆದ್ದರಿಂದ ದುರಸ್ತಿಯಲ್ಲಿ ಮೊದಲ ಗಮನ ಹೋಗಬೇಕಾದದ್ದು ಹೊದಿಕೆಯ ಕಡೆಗೆ.

ತಪ್ಪು ಕಲ್ಪನೆ: ಡಾಂಬರು ದಪ್ಪಗೆ ಬಳಿದಷ್ಟೂ ಗಟ್ಟಿ.

ಸತ್ಯ: ದಪ್ಪ ಡಾಂಬರು ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ವರ್ಷಗಳು ಕಳೆದಂತೆ ಪೆಡಸಾಗಿ ಬಿರಿಯುತ್ತದೆ. ತೆಪ್ಪ ಅಲ್ಲಾಡುವಾಗ ಬಿದಿರು ಬಾಗುತ್ತದೆ, ಪೆಡಸಾದ ಡಾಂಬರು ಬಾಗದು. ಬಿರುಕು ಹುಟ್ಟುವುದೇ ಅಲ್ಲಿ. ಇನ್ನು ತೂಕದ ಮಾತು. 4 ಚದರ ಮೀಟರ್ ಹೊದಿಕೆಯ ಮೇಲೆ ಒಂದು ಮಿಲಿಮೀಟರ್ ಡಾಂಬರು ಬಳಿದರೆ ಸುಮಾರು 4 ಕಿಲೋ ಸೇರುತ್ತದೆ. ಪ್ರತಿವರ್ಷ ಹಳೆಯದರ ಮೇಲೆ ಹೊಸದನ್ನು ಬಳಿಯುತ್ತಾ ಹೋದರೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ದಡಕ್ಕೆ ತರುವುದೇ ಕಷ್ಟವಾಗುತ್ತದೆ.

ಕುದಿಯುವ ಡಾಂಬರನ್ನು ನೇರವಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿಯುವುದು ಇನ್ನೊಂದು ತಪ್ಪು. ತೆಳು ಪಾಲಿಥೀನ್ ಹಾಳೆ ಸುಮಾರು 110 ಡಿಗ್ರಿಗೇ ಕರಗುತ್ತದೆ. ಗೊಬ್ಬರದ ಚೀಲದ ನೇಯ್ಗೆ ಸುಮಾರು 160 ಡಿಗ್ರಿಯವರೆಗೆ ತಡೆಯುತ್ತದೆ. ಕಣ್ಣಿಗೆ ಕಾಣದ ತೂತುಗಳು ಹುಟ್ಟುವುದು ಈ ಆತುರದಿಂದಲೇ. ಹಳೆಯ ಪದರವನ್ನು ಕೆರೆದು ತೆಗೆದು, ಹರಿದ ಚೀಲ ಬದಲಿಸಿ, ತೆಳ್ಳಗೆ ಎರಡು ಸಲ ಬಳಿಯುವುದು ಸರಿಯಾದ ಕ್ರಮ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್ ಕಂಡ ದುಂಡು ದೋಣಿಗಳಿಗೆ ತೊಗಲಿನ ಹೊದಿಕೆ ಇತ್ತು. ತೊಗಲು ಹೋಗಿ ಚೀಲ ಬಂದರೂ ಬುಟ್ಟಿಯನ್ನು ಉಳಿಸಿಕೊಂಡು ಹೊದಿಕೆಯನ್ನು ಹೊಸದು ಮಾಡುವ ಪದ್ಧತಿ ಇಂದಿಗೂ ಸಲ್ಲುತ್ತದೆ.

ತಪ್ಪು ಕಲ್ಪನೆ: ಹುಳು ಹಿಡಿದ ತೆಪ್ಪ ಒಲೆಗೇ ಸರಿ, ಅಮಾವಾಸ್ಯೆಯಲ್ಲಿ ಕಡಿದ ಬಿದಿರಾದರೆ ಹುಳು ಹತ್ತುತ್ತಿರಲಿಲ್ಲ.

ಸತ್ಯ: ಕುಟ್ಟೆ ಹುಳುವಿಗೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಎಳೆಯ ಬಿದಿರಿನಲ್ಲಿ ಹುಳು ಬೇಗ ಹತ್ತುತ್ತದೆ. ಮೂರು ನಾಲ್ಕು ವರ್ಷ ಬಲಿತದ್ದನ್ನು ಮಳೆಗಾಲ ಮುಗಿದ ಮೇಲೆ ಕಡಿದು, ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಪಿಷ್ಟ ತೊಳೆದುಹೋಗಿ ಹುಳುವಿನ ಕಾಟ ತಗ್ಗುತ್ತದೆ. ತಿಥಿಗಿಂತ ಬಿದಿರಿನ ವಯಸ್ಸು, ಕಡಿಯುವ ಕಾಲ, ನೆನೆಸುವಿಕೆ ಇವೇ ಮುಖ್ಯ. ತೆಪ್ಪ ನೇಯ್ಗೆಯ ವಸ್ತುವಾದ್ದರಿಂದ ಪುಡಿ ಉದುರುವ ಸೀಳುಗಳನ್ನಷ್ಟೇ ಬಿಚ್ಚಿ ಹೊಸದನ್ನು ಹೆಣೆಯಬಹುದು. ಅಂಚಿನ ಬಳೆ ಗಟ್ಟಿಯಿದ್ದರೆ ಬುಟ್ಟಿಯನ್ನು ಉಳಿಸಿಕೊಳ್ಳಬಹುದು.

ತಪ್ಪು ಕಲ್ಪನೆ: ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿ ತಂದರೆ ದುರಸ್ತಿಯ ಗೋಜೇ ಇಲ್ಲ.

ಸತ್ಯ: ಫೈಬರ್ ಕೊಳೆಯುವುದಿಲ್ಲ, ಆದರೆ ಕಲ್ಲಿಗೆ ಉಜ್ಜಿ ಮೇಲ್ಪದರ ಒಡೆದರೆ ನೀರು ಒಳಗಿನ ಎಳೆಗಳಿಗೆ ಇಳಿದು ಪದರಗಳು ಬಿಡಿಸಿಕೊಳ್ಳುತ್ತವೆ. ಬಿರುಕಿನ ಮೇಲೆ ಪುಟ್ಟಿ ಮೆತ್ತಿದರೆ ಕೆಲವು ದಿನ ಮಾತ್ರ ಬಂತು. ಸುತ್ತಲೂ ಇಳಿಜಾರಾಗಿ ಉಜ್ಜಿ, ಪೂರ್ತಿ ಒಣಗಿಸಿ, ಗ್ಲಾಸ್ ಮ್ಯಾಟ್ ಮತ್ತು ರೆಸಿನ್ ಪದರಗಳನ್ನು ಕೂಡಿಸಬೇಕು.

ಅಲ್ಯೂಮಿನಿಯಂಗೆ ಕಬ್ಬಿಣದ ತುಕ್ಕು ಹಿಡಿಯದು. ಗಾಳಿ ತಾಗಿದೊಡನೆ ಅದರ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡು ಕಾಪಾಡುತ್ತದೆ. ಆದರೆ ಕಬ್ಬಿಣದ ಬೋಲ್ಟು, ತಾಮ್ರದ ತಂತಿ ತಾಗಿಕೊಂಡು ನೀರಿನಲ್ಲಿದ್ದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಆದ್ದರಿಂದ ಅಲ್ಯೂಮಿನಿಯಂ ರಿವೆಟ್ ಹೊಡೆಸಬೇಕು, ಬೋಲ್ಟು ಹಾಕಲೇಬೇಕಾದರೆ ನಡುವೆ ರಬ್ಬರ್ ವಾಷರ್ ಇಡಬೇಕು. ಈ ಲೋಹ ಕಬ್ಬಿಣದಂತೆ ಕೆಂಪಾಗಿ ಸುಳಿವು ಕೊಡದೆ ಸುಮಾರು 660 ಡಿಗ್ರಿಗೇ ಕರಗುತ್ತದೆ, ಅದರ ಆಕ್ಸೈಡ್ ಪೊರೆಗಾದರೋ 2000 ಡಿಗ್ರಿಗೂ ಮೀರಿದ ಶಾಖ ಬೇಕು. ಹಾಗಾಗಿ ಗೇಟು, ಕಿಟಕಿ ಬೆಸೆಯುವ ಅಂಗಡಿಗಿಂತ ಆರ್ಗಾನ್ ವೆಲ್ಡಿಂಗ್ ಬಲ್ಲವರನ್ನು ಹುಡುಕುವುದು ಲೇಸು.

ತಪ್ಪು ಕಲ್ಪನೆ: ಈಜು ಬಲ್ಲವರಿಗೆ ಲೈಫ್ ಜಾಕೆಟ್ ಯಾಕೆ?

ಸತ್ಯ: ಬಲೆಗೆ ಕಾಲು ಸಿಕ್ಕಿದಾಗ, ಜೊಂಡಿನ ನಡುವೆ ಸಿಲುಕಿದಾಗ ಈಜು ಕೈಕೊಡುತ್ತದೆ. ನೀರಿನಲ್ಲಿರುವ ಮನುಷ್ಯನ ತಲೆ ಮೇಲಿರಲು ಕೆಲವೇ ಕಿಲೋ ಹೆಚ್ಚುವರಿ ಎತ್ತುವ ಬಲ ಸಾಕು, ದೊಡ್ಡವರ ಜಾಕೆಟ್‌ಗಳು ಸಾಮಾನ್ಯವಾಗಿ 7ರಿಂದ 10 ಕಿಲೋ ಕೊಡುತ್ತವೆ. ಜಾಕೆಟ್ ಮೈಮೇಲಿರಲಿ, ಜೊತೆಗೆ ತೆಪ್ಪದ ಅಂಚಿನ ಒಳಗೆ ಮುಚ್ಚಳ ಬಿಗಿದ 5 ಲೀಟರಿನ ನಾಲ್ಕು ಖಾಲಿ ಕ್ಯಾನುಗಳನ್ನು ಕಟ್ಟಬಹುದು. ಆಗ ತೆಪ್ಪ ನೀರು ತುಂಬಿಕೊಂಡರೂ ಸುಮಾರು 20 ಕಿಲೋ ಹೆಚ್ಚಿನ ಆಸರೆ ಇರುತ್ತದೆ. ಇಷ್ಟಾದ ಮೇಲೆ ದುರಸ್ತಿಯಾದ ತೆಪ್ಪವನ್ನು ದಡದ ಬಳಿ ಕಟ್ಟಿ, ಇಬ್ಬರ ತೂಕದಷ್ಟು ಕಲ್ಲು ಹೇರಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ತಳದಲ್ಲಿ ನೀರು ಕಂಡರೆ ಅದು ಜಿನುಗಿದ ಜಾಗವನ್ನು ಗುರುತಿಸಿ ಒಣಗಿಸಿ ಮತ್ತೆ ಬಳಿಯಬೇಕು, ಕಾಣದಿದ್ದರೆ ಬಲೆ ಹತ್ತಿಸಬಹುದು.