ಕೋವಿಡ್-19 ಬ್ರೇಕ್‌ಥ್ರೂ ಸೋಂಕು

ಕೋವಿಡ್-19 ಲಸಿಕೆಯನ್ನು ಪಡೆದವರಿಗೂ ತಗಲುವ ಕೊರೊನಾ ವೈರಸ್ ಸೋಂಕನ್ನು ಬ್ರೇಕ್‌ಥ್ರೂ ಸೋಂಕು ಅಥವಾ ಲಸಿಕೋತ್ತರ ಸೋಂಕು ಎಂದು ಕರೆಯಲಾಗುತ್ತದೆ. ನಿಗದಿತ ಡೋಸ್‌ಗಳು ಪೂರ್ಣಗೊಂಡು ಕನಿಷ್ಠ 14 ದಿನಗಳು ಕಳೆದ ಬಳಿಕ ದೃಢಪಟ್ಟ ಸೋಂಕನ್ನು ಮಾತ್ರ ಸಾಮಾನ್ಯವಾಗಿ ಈ ಹೆಸರಿನಿಂದ ಗುರುತಿಸುತ್ತಾರೆ. ದೇಹವು ರಕ್ಷಣೆಯನ್ನು ರೂಪಿಸಿಕೊಳ್ಳಲು ಅಷ್ಟು ಕಾಲಾವಕಾಶ ಬೇಕಾಗುತ್ತದೆ. ಲಸಿಕೆಯಿಂದಲೇ ಸೋಂಕು ಬಂದಿತೆಂಬ ಮಾತಿಗೆ ಆಧಾರವಿಲ್ಲ. ಕೋವಿಶೀಲ್ಡ್‌ನಲ್ಲಿರುವುದು ದೇಹದಲ್ಲಿ ವೃದ್ಧಿಯಾಗಲಾರದ ಬೇರೊಂದು ವೈರಸ್. ಕೋವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ಕೊರೊನಾ ವೈರಸ್.

ಕಾರಣಗಳು

ತೋಳಿಗೆ ಚುಚ್ಚುವ ಲಸಿಕೆಯಿಂದ ರಕ್ತದಲ್ಲಿ ಪ್ರತಿಕಾಯಗಳು ಹೇರಳವಾಗಿ ಉಂಟಾಗುತ್ತವೆ. ಆದರೆ ವೈರಸ್ ಮೊದಲು ನೆಲೆಯೂರುವ ಮೂಗು ಮತ್ತು ಗಂಟಲಿನ ಒಳಪೊರೆಯಲ್ಲಿ ಅವುಗಳ ಪ್ರಮಾಣ ಕಡಿಮೆ. ಹೀಗಾಗಿ ವೈರಸ್ ಹೊಸ್ತಿಲನ್ನು ದಾಟಿದರೂ ಶ್ವಾಸಕೋಶಕ್ಕೆ ತೀವ್ರ ಹಾನಿ ಮಾಡುವ ಮುನ್ನ ಬಹುಪಾಲು ಸಂದರ್ಭಗಳಲ್ಲಿ ತಡೆಯಲ್ಪಡುತ್ತದೆ. ತಿಂಗಳುಗಳು ಉರುಳಿದಂತೆ ಪ್ರತಿಕಾಯಗಳು ಕ್ಷೀಣಿಸುತ್ತವೆ. ರೋಗನಿರೋಧಕ ವ್ಯವಸ್ಥೆಯ ಸ್ಮೃತಿಕೋಶಗಳು ಹೆಚ್ಚು ಕಾಲ ಉಳಿಯುತ್ತವೆ. ರೂಪಾಂತರಿಗಳು ಮತ್ತೊಂದು ಕಾರಣ. ಒಮಿಕ್ರಾನ್‌ನ ಸ್ಪೈಕ್ ಪ್ರೋಟೀನಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದುದರಿಂದ ಹಳೆಯ ಪ್ರತಿಕಾಯಗಳಿಗೆ ಅದು ಸುಲಭವಾಗಿ ಸಿಲುಕಲಿಲ್ಲ. ವೃದ್ಧರಲ್ಲಿಯೂ ಮೂತ್ರಪಿಂಡ ಕಸಿ ಮಾಡಿಸಿಕೊಂಡವರಲ್ಲಿಯೂ ಲಸಿಕೆಯ ಪರಿಣಾಮ ದುರ್ಬಲವಾಗಿರಬಹುದು.

ಅಂಕಿಅಂಶಗಳ ಅರ್ಥ

2021ರ ಜುಲೈ ತಿಂಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ರಾವಿನ್ಸ್‌ಟೌನ್ ಎಂಬ ಕಡಲತೀರದ ಊರಿನಲ್ಲಿ ಜನ ದೊಡ್ಡ ಪ್ರಮಾಣದಲ್ಲಿ ಸೇರಿದ ತರುವಾಯ ಆ ರಾಜ್ಯದ ನಿವಾಸಿಗಳಲ್ಲಿ 469 ಪ್ರಕರಣಗಳು ಪತ್ತೆಯಾದವು. ಅವರಲ್ಲಿ 346 ಮಂದಿ, ಅಂದರೆ ಶೇ. 74ರಷ್ಟು ಜನ, ಲಸಿಕೆಯನ್ನು ಪೂರ್ಣವಾಗಿ ಪಡೆದಿದ್ದರು. ಲಸಿಕೆ ನಿರರ್ಥಕವೆಂದು ವಾದಿಸುವವರು ಈ ಸಂಖ್ಯೆಯನ್ನು ಎತ್ತಿ ಹಿಡಿದರು. ಆದರೆ ಆಸ್ಪತ್ರೆಗೆ ದಾಖಲಾದವರು ಐವರು ಮಾತ್ರ. ಅವರಲ್ಲಿ ನಾಲ್ವರು ಲಸಿಕೆ ಪಡೆದವರು. ಯಾರೂ ಮೃತಪಡಲಿಲ್ಲ.

ಸೋಂಕಿತರಲ್ಲಿ ಲಸಿಕೆ ಪಡೆದವರೇ ಅಧಿಕವಾಗಿರುವುದು ವಿಚಿತ್ರವೇನಲ್ಲ. ಇದು ಶಾಲಾ ಗಣಿತಕ್ಕೆ ನಿಲುಕುವ ಸಂಗತಿ. 1,000 ಜನರ ಊರೊಂದರಲ್ಲಿ 900 ಮಂದಿ ಲಸಿಕೆ ಪಡೆದಿದ್ದಾರೆಂದು ಊಹಿಸಿಕೊಳ್ಳಬಹುದು. ಪಡೆಯದ 100 ಮಂದಿಯಲ್ಲಿ 50 ಮಂದಿಗೂ, ಪಡೆದ 900 ಮಂದಿಯಲ್ಲಿ 90 ಮಂದಿಗೂ ಸೋಂಕು ತಗಲಿದರೆ ಒಟ್ಟು ಸೋಂಕಿತರು 140. ಅವರಲ್ಲಿ ಲಸಿಕೆ ಪಡೆದವರ ಪಾಲು ಸುಮಾರು ಶೇ. 64. ಆದರೂ ಲಸಿಕೆ ಪಡೆಯದವನ ಅಪಾಯ ಶೇ. 50, ಪಡೆದವನದು ಶೇ. 10. ಊರಿಗೆ ಊರೇ ಲಸಿಕೆ ಪಡೆದಿದ್ದರೆ ಸೋಂಕಿತರೆಲ್ಲರೂ ಲಸಿಕೆ ಪಡೆದವರೇ ಆಗಿರುತ್ತಾರೆ. ಆದುದರಿಂದ ಹೋಲಿಸಬೇಕಾದುದು ಸೋಂಕಿತರ ಸಂಖ್ಯೆಗಳನ್ನಲ್ಲ, ಎರಡು ಗುಂಪುಗಳಲ್ಲಿ ಸೋಂಕಿನ ದರಗಳನ್ನು. ಅಂದಿನ ಪತ್ರಿಕಾ ಶೀರ್ಷಿಕೆಗಳಲ್ಲಿ ಈ ಭೇದ ಅನೇಕ ಬಾರಿ ಮರೆಯಾಯಿತು.

ಪ್ರಾವಿನ್ಸ್‌ಟೌನ್ ಪ್ರಕರಣವು ಎಚ್ಚರಿಕೆಯೊಂದನ್ನೂ ನೀಡಿತು. ಡೆಲ್ಟಾ ತಗಲಿದಾಗ ಲಸಿಕೆ ಪಡೆದವರ ಮೂಗಿನ ಮಾದರಿಗಳಲ್ಲಿಯೂ ವೈರಸ್‌ನ ಕುರುಹು ಇತರರಲ್ಲಿದ್ದಷ್ಟೇ ಕಂಡುಬಂದಿತು. ಸೋಂಕು ಹೆಚ್ಚಿರುವೆಡೆ ಲಸಿಕೆ ಪಡೆದವರೂ ಒಳಾಂಗಣದಲ್ಲಿ ಮಾಸ್ಕ್ ಧರಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಅದೇ ಜುಲೈ 27ರಂದು ಸಲಹೆ ನೀಡಿತು.

ಭಾರತದಲ್ಲಿ

ಭಾರತದಲ್ಲಿ ಲಸಿಕಾ ಅಭಿಯಾನ 2021ರ ಜನವರಿ 16ರಂದು ಆರಂಭವಾಯಿತು. ಎರಡನೆಯ ಡೋಸ್ ಪಡೆದ 10,000 ಜನರಲ್ಲಿ 2ರಿಂದ 4 ಮಂದಿಗೆ ಸೋಂಕು ತಗಲಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಏಪ್ರಿಲ್‌ನಲ್ಲಿ ತಿಳಿಸಿತು. ಎರಡನೆಯ ಅಲೆ ಆಗಿನ್ನೂ ಏರುತ್ತಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಡಿಸೆಂಬರ್ 2ರಂದು ಪ್ರಕಟವಾದ ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಕರ್ನಾಟಕದವು. ಅವುಗಳಲ್ಲಿ ಒಂದು, ಎರಡೂ ಡೋಸ್ ಪಡೆದಿದ್ದ, ವಿದೇಶ ಪ್ರಯಾಣ ಮಾಡದಿದ್ದ ಬೆಂಗಳೂರಿನ ವೈದ್ಯರೊಬ್ಬರದು. ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಕಾರ್ಯಕರ್ತರು ಹಾಗೂ ಇತರ ಕಾಯಿಲೆಗಳುಳ್ಳ 60 ವರ್ಷ ಮೀರಿದವರಿಗೆ 2022ರ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್ ನೀಡಲಾಯಿತು.