ಗುರಿ ಇಳಿಸಿದರೆ ಸೋಲೇ?

ತ್ಯಾಗಲಿಯ ಅಡಿಕೆ ತೋಟಗಳ ನಡುವಿನ ದಾರಿಯಲ್ಲಿ ಬೆಳಗಿನ ಆರಕ್ಕೆ ಓಡುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ತಂಪು ಗಾಳಿ, ತಲೆಯ ಮೇಲೆ ನೆರಳು. ಹತ್ತು ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಮುಗಿಸಿ ನಗುನಗುತ್ತ ಮನೆಗೆ ಬರುತ್ತಾನೆ. ಅದೇ ಹುಡುಗ ಘಟ್ಟ ಇಳಿದು, ಕುಮಟೆಯ ಕಡಲ ತಡಿಯಲ್ಲಿ ಬೆಳಗಿನ ಹತ್ತರ ಬಿಸಿಲಿಗೆ ಓಡಿದರೆ? ಕಾಲು ಅದೇ, ಅಭ್ಯಾಸವೂ ಅದೇ. ಆದರೆ ಅರ್ಧ ದಾರಿಗೇ ಎದೆ ಡವಗುಟ್ಟುತ್ತದೆ. ತಪ್ಪು ಹುಡುಗನದಲ್ಲ, ಸೆಕೆಯದು.

ಟ್ರಯಾಥ್ಲಾನ್ ಎಂಬ ಕ್ರೀಡೆಯಲ್ಲಿ ಈ ಪಾಠ ದೊಡ್ಡದಾಗಿ ಕಾಣುತ್ತದೆ. ಈಜು, ಸೈಕಲ್, ಓಟ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಮುಗಿಸುವ ಸ್ಪರ್ಧೆ ಇದು. ನಮ್ಮ ಜಿಲ್ಲೆಗೆ ತಾಗಿಕೊಂಡಿರುವ ಗೋವಾದ ಪಣಜಿಯಲ್ಲಿ 2019ರ ಅಕ್ಟೋಬರ್ 20ರಂದು ಮೊದಲ ಬಾರಿಗೆ ಅರ್ಧ ಐರನ್‌ಮ್ಯಾನ್ ನಡೆಯಿತು. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಕೊನೆಗೆ 21.1 ಕಿಲೋಮೀಟರ್ ಓಟ. ಇದಕ್ಕೆ ಹದಿನೆಂಟು ತುಂಬಿದವರಿಗೆ ಮಾತ್ರ ಪ್ರವೇಶ.

ಈ ಕ್ರಮದಲ್ಲೇ ಒಂದು ತೊಡಕಿದೆ. ಈಜುವಾಗ ಬೆಳಗಿನ ಹೊತ್ತು. ಸೈಕಲ್ ಮೇಲೆ ಎದುರುಗಾಳಿ ಬೆವರನ್ನು ಆರಿಸುವುದರಿಂದ ಸೆಕೆ ಅಷ್ಟಾಗಿ ತಿಳಿಯುವುದಿಲ್ಲ. ಓಟ ಶುರುವಾಗುವ ಹೊತ್ತಿಗೆ ಸೂರ್ಯ ನೆತ್ತಿಯತ್ತ ಏರಿರುತ್ತಾನೆ, ಗಾಳಿಯ ನೆರವೂ ತಪ್ಪುತ್ತದೆ. ಸೈಕಲ್ ಮೇಲೆ ಮಾಡಿದ ಸಾಲವನ್ನು ಓಟದಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ!

ಒಳಗಿನ ಒಲೆ

ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಚಲನೆಗೆ ಸಿಗುವುದು ಸುಮಾರು ಕಾಲು ಭಾಗ ಅಥವಾ ಅದಕ್ಕೂ ಕಡಿಮೆ. ಉಳಿದದ್ದೆಲ್ಲ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ದೇಹ ಬೆವರುತ್ತದೆ. ಆದರೆ ತಂಪು ಕೊಡುವುದು ಬೆವರು ಸುರಿಯುವುದಲ್ಲ, ಆರುವುದು. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು, ಉಪ್ಪು ಎರಡೂ ನಷ್ಟ, ತಂಪು ಮಾತ್ರ ಇಲ್ಲ. ಹೃದಯ ಒಂದೇ ಹೊತ್ತಿಗೆ ಸ್ನಾಯುಗಳಿಗೂ ಚರ್ಮಕ್ಕೂ ರಕ್ತ ಒದಗಿಸಬೇಕು. ಹೀಗಾಗಿ ಅದೇ ವೇಗಕ್ಕೆ ನಾಡಿಬಡಿತ ಏರುತ್ತದೆ. ಹಟ ಹಿಡಿದು ಅದನ್ನು ಗೆಲ್ಲಲಾಗದು.

ಸ್ಕಾಟ್ಲೆಂಡಿನ ಕ್ಯಾಲಮ್ ಹಾಕಿನ್ಸ್ ಇದನ್ನು ಕಷ್ಟಪಟ್ಟು ಕಲಿತರು. 2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ಮ್ಯಾರಥಾನ್‌ನಲ್ಲಿ ಅವರು ಎಲ್ಲರಿಗಿಂತ ಬಹಳ ಮುಂದಿದ್ದರು. ಉಳಿದದ್ದು ಸುಮಾರು ಎರಡು ಕಿಲೋಮೀಟರ್. ಅಲ್ಲಿ ಬಿಸಿಲಿಗೆ ತೂರಾಡಿ ಬಿದ್ದರು. ಎದ್ದು ಓಡಿ ಮತ್ತೆ ಬಿದ್ದರು. ಚಿನ್ನ ಆಸ್ಟ್ರೇಲಿಯದ ಮೈಕೆಲ್ ಶೆಲ್ಲಿ ಪಾಲಾಯಿತು. ಮರುವರ್ಷ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ಗೆ ಹಾಕಿನ್ಸ್ ಸೆಕೆಗೆ ಮೈ ಒಗ್ಗಿಸಿಕೊಂಡು ಹೋದರು. ಅಲ್ಲಿ ಮ್ಯಾರಥಾನ್ ಶುರುವಾದದ್ದೇ ನಡುರಾತ್ರಿಗೆ. ಆದರೂ ಮಹಿಳೆಯರ ಓಟದಲ್ಲಿ ಹೊರಟ 68 ಮಂದಿಯಲ್ಲಿ ಗೆರೆ ಮುಟ್ಟಿದವರು 40 ಮಾತ್ರ! ಪುರುಷರ ಓಟದಲ್ಲಿ ಹಾಕಿನ್ಸ್ ಮೊದಲಿಗೆ ಮುಂದಿನವರ ಬೆನ್ನು ಹತ್ತಲಿಲ್ಲ. ತಮ್ಮ ಲಯದಲ್ಲೇ ಓಡಿ, ಕೊನೆಯ ಹಂತದಲ್ಲಿ ಅವರನ್ನು ಕೂಡಿಕೊಂಡು, 2 ಗಂಟೆ 10 ನಿಮಿಷ 57 ಸೆಕೆಂಡುಗಳಲ್ಲಿ ನಾಲ್ಕನೆಯವರಾದರು. ಪದಕ ಸಿಗಲಿಲ್ಲ, ಆದರೆ ತಮ್ಮ ಕಾಲ ಮೇಲೆ ಗೆರೆ ದಾಟಿದರು.

ಮೂರು ಗುರಿಗಳು

ಹಾಗಾದರೆ ಗುರಿಯನ್ನು ಎಷ್ಟು ಇಳಿಸಬೇಕು? ಒಂದು ಲೆಕ್ಕ ನೋಡಿ. ತಂಪು ದಿನದಲ್ಲಿ ಗಂಟೆಗೆ 30 ಕಿಲೋಮೀಟರಿನಂತೆ ಸೈಕಲ್ ತುಳಿಯುವವರು 90 ಕಿಲೋಮೀಟರನ್ನು 3 ಗಂಟೆಯಲ್ಲಿ ಮುಗಿಸುತ್ತಾರೆ. 28ಕ್ಕೆ ಇಳಿಸಿದರೆ ಹೆಚ್ಚಾಗುವುದು 13 ನಿಮಿಷ. ಓಟದಲ್ಲಿ ಕಿಲೋಮೀಟರಿಗೆ 6 ನಿಮಿಷದ ಬದಲು 6 ಮುಕ್ಕಾಲು ನಿಮಿಷ ತೆಗೆದುಕೊಂಡರೆ ಇನ್ನೊಂದು 16 ನಿಮಿಷ. ಎರಡೂ ಸೇರಿ ಅರ್ಧ ಗಂಟೆಯೊಳಗೇ. ಇದು ಉದಾಹರಣೆ ಮಾತ್ರ. ಅವರವರ ದೇಹಕ್ಕೆ, ಆ ದಿನದ ಹವೆಗೆ ತಕ್ಕಂತೆ ಲೆಕ್ಕ ಬೇರೆಯಾಗುತ್ತದೆ.

ಒಂದೇ ಗುರಿಯ ಬದಲು ಮೂರನ್ನು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು: ತಂಪಿದ್ದರೆ ಇಷ್ಟು ಹೊತ್ತು, ಸೆಕೆಯಿದ್ದರೆ ಇಷ್ಟು, ಬೇಗೆ ಮಿತಿಮೀರಿದರೆ ಆರೋಗ್ಯವಾಗಿ ಮುಗಿಸಿದರೆ ಸಾಕು. ಯಾವ ಚೀಟಿ ಎಂಬುದನ್ನು ಹಿಂದಿನ ದಿನವೇ ಹವಾಮಾನ ನೋಡಿ ನಿರ್ಧರಿಸಬೇಕು. ಓಟದ ನಡುವೆ, ತಲೆ ಕಾದ ಮೇಲೆ, ಸರಿಯಾದ ತೀರ್ಮಾನ ಹೊಳೆಯುವುದು ಕಷ್ಟ.

ಸಿದ್ಧತೆಯೂ ಬೇಕು. ಹತ್ತು–ಹದಿನಾಲ್ಕು ದಿನ ಸೆಕೆಯಲ್ಲಿ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿದರೆ ದೇಹ ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಉಪ್ಪಿನ ನಷ್ಟವೂ ತಗ್ಗುತ್ತದೆ. ನೀರು ಬೇಕು, ಅತಿಯಾಗಬಾರದು. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಎರವಾಗಬಲ್ಲದು.

ಬಿಸಿಲಲ್ಲಿ ಓಡುವಾಗ ಮೈ ಜುಮ್ಮೆಂದು ಚಳಿಯಾದರೆ, ವಾಂತಿ ಬಂದರೆ, ತೂರಾಡಿದರೆ, ಮಾತು ತೊದಲಿದರೆ ಅಲ್ಲಿಗೇ ನಿಲ್ಲಬೇಕು. ಬಿಸಿಲಿನ ಹೊಡೆತಕ್ಕೆ ಬುದ್ಧಿ ಮಂಕಾದವರನ್ನು ನೆರಳಿಗೆ ಒಯ್ದು, ಮೈಗೆಲ್ಲ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ವೈದ್ಯರನ್ನು ಕರೆಯಬೇಕು. ಆಗ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಅಪ್ಪ ಅಮ್ಮಂದಿರಿಗೆ

ನಿಮ್ಮ ಮಗ ಅಥವಾ ಮಗಳು ಐರನ್‌ಮ್ಯಾನ್‌ಗೆ ಹೋಗದಿರಬಹುದು. ಆದರೆ ಶಾಲೆಯ ಕ್ರೀಡಾಕೂಟದಲ್ಲಿ ಉರಿಬಿಸಿಲಿಗೆ 1500 ಮೀಟರ್ ಓಡಬಹುದು. ಆಗ ಮೈದಾನದ ಅಂಚಿನಲ್ಲಿ ನಿಂತು ‘ಮನೆಯಲ್ಲಿ ಚೆನ್ನಾಗಿ ಓಡ್ತಿದ್ದೆಯಲ್ಲ, ಇಲ್ಲೇನಾಯ್ತು?’ ಎಂದು ಕೇಳುವ ಮೊದಲು ಒಮ್ಮೆ ಆಕಾಶ ನೋಡಿ. ನಿಲ್ಲಬೇಕೆನಿಸಿದಾಗಲೂ ಅಪ್ಪನ ಮುಖ ನೆನೆದು ಓಡುವ ಮಗುವೇ ಹೆಚ್ಚು ಅಪಾಯದಲ್ಲಿರುವುದು. ನಿಲ್ಲಲು ನಿಮ್ಮ ಒಪ್ಪಿಗೆ ಇದೆಯೆಂದು ಅದಕ್ಕೆ ಮೊದಲೇ ಗೊತ್ತಿರಲಿ.

ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಮೊದಲು ಕೇಳುವುದು ‘ಆಸ್ರಿಗೆ ಏನು ಬೇಕು?’ ಎಂದು. ಹೋದ ಕೆಲಸ ಆಯಿತೇ ಎಂಬ ಪ್ರಶ್ನೆ ಆಮೇಲೆ. ಓಡಿ ಬಂದ ಮಗುವಿನ ವಿಷಯದಲ್ಲೂ ಈ ಕ್ರಮ ತಪ್ಪದಿರಲಿ: ಮೊದಲು ಉಪ್ಪು ಹಾಕಿದ ಮಜ್ಜಿಗೆ, ಆಮೇಲೆ ‘ಎಷ್ಟನೆಯ ಸ್ಥಾನ?’