18, 19 ಮತ್ತು ಕುರುಗೋಡಿನ ಬಂಡೆ

ಸಂಡೂರಿನ ಗುಡ್ಡಸಾಲಿನಲ್ಲಿ ಕಬ್ಬಿಣದ ಅದಿರಿನ ಜೊತೆಜೊತೆಗೇ ಮ್ಯಾಂಗನೀಸ್ ಅದಿರೂ ಸಿಗುತ್ತದೆ. ಕೈಗೆ ಕೆಂಪು ಹತ್ತಿದರೆ ಕಬ್ಬಿಣ, ಕಪ್ಪು ಹತ್ತಿದರೆ ಮ್ಯಾಂಗನೀಸು. 1954ರಲ್ಲಿ ಅಲ್ಲಿ ಶುರುವಾದ ಗಣಿ ಕಂಪನಿ ತನ್ನ ಹೆಸರಿನಲ್ಲೇ ಎರಡನ್ನೂ ಇಟ್ಟುಕೊಂಡಿತು. ಇನ್ನು ಬಳ್ಳಾರಿಯ ಹೈಸ್ಕೂಲುಗಳಲ್ಲಿ ವಿಜ್ಞಾನದ ಕೋಣೆಯ ಗೋಡೆಗೆ ತೂಗುವ ಆವರ್ತ ಕೋಷ್ಟಕ ನೋಡಿ. ನಾಲ್ಕನೆಯ ಅಡ್ಡಸಾಲಿನಲ್ಲಿ ಮ್ಯಾಂಗನೀಸಿನ ಮನೆ 25, ಕಬ್ಬಿಣದ್ದು 26. ಗುಡ್ಡದಲ್ಲಿ ಅಕ್ಕಪಕ್ಕ, ಚಾರ್ಟಿನಲ್ಲೂ ಅಕ್ಕಪಕ್ಕ.

ಇದನ್ನು ಬರೀ ಕಾಕತಾಳೀಯ ಎನ್ನುವಂತಿಲ್ಲ. ಎರಡೂ ಲೋಹಗಳು ಎರಡು ಇಲೆಕ್ಟ್ರಾನ್ ಕೊಟ್ಟ ಸ್ಥಿತಿಯಲ್ಲಿ ನೀರಿನಲ್ಲಿ ಕರಗಿರುತ್ತವೆ. ಆಮ್ಲಜನಕ ಎದುರಾಗಿ ಇನ್ನೂ ಒಂದೆರಡು ಕಳೆದುಕೊಂಡವೋ, ಕರಗಿರಲಾರದೆ ತಳಕ್ಕೆ ಕೂರುತ್ತವೆ. ಸಂಡೂರಿನ ಅದಿರು ಹುಟ್ಟಿದ್ದು ಹೀಗೆ, ಅತಿ ಪುರಾತನ ಸಮುದ್ರವೊಂದರ ತಳದಲ್ಲಿ. ಒಂದೇ ಗುಣದವು ಒಂದೇ ಕಡೆ ಸೇರಿದವು. ಆ ಗುಣ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಚಾರ್ಟು ಬಾಯಿಬಿಡುತ್ತದೆ. ಬಾಯಿಪಾಠ ಮಾಡಿದವರಿಗೆ ಅದು ಹೇಳುವುದು ಕಡಿಮೆ.

ಮನೆಯ ನಂಬರಿನಿಂದಲೇ ಶುರು ಮಾಡೋಣ. ಪರಮಾಣುವಿನ ನಟ್ಟನಡುವೆ ನ್ಯೂಕ್ಲಿಯಸ್. ಅದರಲ್ಲಿ ಧನ ವಿದ್ಯುದಂಶದ ಪ್ರೋಟಾನುಗಳು, ಯಾವ ವಿದ್ಯುದಂಶವೂ ಇಲ್ಲದ ನ್ಯೂಟ್ರಾನುಗಳು. ಹೊರಗೆ ಋಣ ವಿದ್ಯುದಂಶದ ಇಲೆಕ್ಟ್ರಾನುಗಳು. ಇಷ್ಟು ತಿಳಿಯಲು 35 ವರ್ಷ ಬೇಕಾಯಿತು: ಇಲೆಕ್ಟ್ರಾನನ್ನು ಥಾಮ್ಸನ್ 1897ರಲ್ಲಿ, ನ್ಯೂಕ್ಲಿಯಸ್ಸನ್ನು ರುದರ್‌ಫರ್ಡ್ 1911ರಲ್ಲಿ, ನ್ಯೂಟ್ರಾನನ್ನು ಚಾಡ್ವಿಕ್ 1932ರಲ್ಲಿ ಕಂಡುಕೊಂಡರು. ಕಬ್ಬಿಣದ ನ್ಯೂಕ್ಲಿಯಸ್ಸನ್ನು ಕಡಲೆಕಾಳಿನಷ್ಟು ಹಿಗ್ಗಿಸಿ ಬಳ್ಳಾರಿ ಗುಡ್ಡದ ಕೋಟೆಯೊಳಗೆ ಇಟ್ಟೆವೆನ್ನಿ, ಪರಮಾಣುವಿನ ಅಂಚು ಅಲ್ಲಿಂದ ನೂರು ಮೀಟರಿಗೂ ಆಚೆ ಇರುತ್ತದೆ. ನಡುವಿನ ಜಾಗದಲ್ಲಿ ಇಲೆಕ್ಟ್ರಾನುಗಳದ್ದೇ ಓಡಾಟ. ತೂಕವೆಲ್ಲ ಕಡಲೆಕಾಳಿನದು, ವ್ಯವಹಾರವೆಲ್ಲ ಹೊರಗಿನವರದು.

ಮನೆಯ ನಂಬರೆಂದರೆ ಪ್ರೋಟಾನುಗಳ ಎಣಿಕೆ, ಬೇರೇನೂ ಅಲ್ಲ. 26 ಪ್ರೋಟಾನು ಇದ್ದರೆ ಕಬ್ಬಿಣ. ಜೊತೆಗೆ 30 ನ್ಯೂಟ್ರಾನು ಇದ್ದರೂ ಕಬ್ಬಿಣ, 28 ಇದ್ದರೂ ಕಬ್ಬಿಣ. ತೂಕ ಬೇರೆಯಾದೀತು, ಜಾತಿ ಬದಲಾಗದು. ಹೀಗೆ ಒಂದೇ ಮನೆಯಲ್ಲಿದ್ದು ತೂಕ ಬೇರೆಯಾದವನ್ನು ಸಮಸ್ಥಾನಿಗಳು ಎನ್ನುತ್ತಾರೆ. ಒಂದು ಪ್ರೋಟಾನು ಹೋದರೆ ಮಾತ್ರ ಕಬ್ಬಿಣ ಮ್ಯಾಂಗನೀಸಾದೀತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸಿಗೂ ಆ ಶಕ್ತಿ ಇಲ್ಲ. ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಕಬ್ಬಿಣ ತಾನು ಬಿಟ್ಟುಕೊಟ್ಟಿದ್ದ ಮೂರು ಇಲೆಕ್ಟ್ರಾನುಗಳನ್ನು ಮರಳಿ ಪಡೆಯುತ್ತದೆ. ಅಷ್ಟೊಂದು ಬೆಂಕಿ, ಅಷ್ಟೊಂದು ಸದ್ದು ಎಲ್ಲವೂ ಹೊರಗಿನ ಇಲೆಕ್ಟ್ರಾನುಗಳ ಕೊಡುಕೊಳ್ಳುವಿಕೆಗೆ. ನ್ಯೂಕ್ಲಿಯಸ್ಸಿಗೆ ಅದರ ಬಿಸಿಯೂ ತಟ್ಟುವುದಿಲ್ಲ.

ಈ ಕೊಡುಕೊಳ್ಳುವಿಕೆಯನ್ನು ಹೊಲದಲ್ಲಿ ನೋಡಬೇಕಾದರೆ ಸಿರುಗುಪ್ಪಕ್ಕೆ ಹೋಗಬೇಕು. ತುಂಗಭದ್ರಾ ಅಣೆಕಟ್ಟಿನ ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವೆಯ ನೀರು ಹರಿದು ಎರೆ ಭೂಮಿ ಭತ್ತದ ನಾಡಾಯಿತು. ಬಸಿದು ಹೋಗಲು ದಾರಿ ಇಲ್ಲದ ಕಡೆ ಅದೇ ನೀರಿನಿಂದ ಸವಳು-ಜವಳೂ ಬಂತು. ಸವಳಿನಲ್ಲೂ ಬಗೆಗಳುಂಟು. ಅವುಗಳಲ್ಲಿ ತಾಪತ್ರಯದ್ದು ಸೋಡಿಯಂ ತುಂಬಿದ ಮಣ್ಣು: ನೀರು ಬಿಟ್ಟರೆ ಇಂಗದೆ ನಿಲ್ಲುತ್ತದೆ, ಒಣಗಿದರೆ ನೇಗಿಲಿಗೆ ಬಗ್ಗುವುದಿಲ್ಲ. ಇದಕ್ಕೆ ಕೃಷಿ ಇಲಾಖೆಯವರು ಹೇಳುವ ಮದ್ದು ಜಿಪ್ಸಂ. ಒಂದು ಬಿಳಿ ಪುಡಿ ಮಣ್ಣನ್ನು ಹೇಗೆ ಸಡಿಲ ಮಾಡುತ್ತದೆ?

ಉತ್ತರ ಚಾರ್ಟಿನ ಎಡ ಅಂಚಿನ ಎರಡು ಕಂಬಸಾಲುಗಳಲ್ಲಿದೆ. ಇಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸುತ್ತ ಕವಚ ಕವಚವಾಗಿ ತುಂಬುತ್ತವೆ. 11ನೆಯ ಮನೆಯ ಸೋಡಿಯಂದು 2, 8, 1. 19ನೆಯ ಪೊಟ್ಯಾಸಿಯಂದು 2, 8, 8, 1. ಹೊರಗಿನ ಕವಚದಲ್ಲಿ ಎರಡಕ್ಕೂ ಒಂದೇ ಇಲೆಕ್ಟ್ರಾನು. ಅದಕ್ಕೇ ಎರಡೂ ಮೊದಲ ಕಂಬಸಾಲಿನಲ್ಲಿ, ಎರಡೂ ನೀರು ಕಂಡರೆ ಸಿಡಿಯುವ ಲೋಹಗಳು. 20ನೆಯ ಕ್ಯಾಲ್ಸಿಯಂದು 2, 8, 8, 2, ಹಾಗಾಗಿ ಎರಡನೆಯ ಕಂಬಸಾಲು. 18ನೆಯ ಆರ್ಗಾನಿನದು 2, 8, 8. ಕೊಡಬೇಕಾದ್ದಿಲ್ಲ, ಇಸಿದುಕೊಳ್ಳಬೇಕಾದ್ದಿಲ್ಲ, ಅದರ ಜಾಗ ಬಲತುದಿ. ಆವರ್ತ ಕೋಷ್ಟಕದ ಏರ್ಪಾಡೆಂದರೆ ಇದೇ: ಅಡ್ಡಕ್ಕೆ ಓದಿದರೆ ಒಂದೊಂದೇ ಪ್ರೋಟಾನು ಹೆಚ್ಚುತ್ತದೆ, ಉದ್ದಕ್ಕೆ ಓದಿದರೆ ಹೊರ ಇಲೆಕ್ಟ್ರಾನುಗಳ ಲೆಕ್ಕ ಮರುಕಳಿಸುತ್ತದೆ. ಏಳು ಅಡ್ಡಸಾಲು, ಹದಿನೆಂಟು ಕಂಬಸಾಲು, ಸದ್ಯಕ್ಕೆ 118 ಧಾತುಗಳು.

ಎರೆಮಣ್ಣಿನ ಜೇಡಿಕಣಗಳಿಗೆ ಋಣ ವಿದ್ಯುದಂಶ ಇರುತ್ತದೆ. ಒಂದು ಇಲೆಕ್ಟ್ರಾನು ಕಳೆದುಕೊಂಡ ಸೋಡಿಯಂ ಆ ಕಣಗಳಿಗೆ ಸಡಿಲವಾಗಿ ಅಂಟುತ್ತದೆ. ಕಣಗಳು ಒಂದನ್ನೊಂದು ದೂರ ತಳ್ಳುತ್ತ, ಚದುರಿ, ಮಣ್ಣಿನ ರಂಧ್ರಗಳಿಗೇ ಅಡ್ಡ ಕೂರುತ್ತವೆ. ಜಿಪ್ಸಂನ ಕ್ಯಾಲ್ಸಿಯಂ ಎರಡು ಇಲೆಕ್ಟ್ರಾನು ಕಳೆದುಕೊಂಡದ್ದು, ಅದರ ಹಿಡಿತ ಬಿಗಿ. ಅದು ಸೋಡಿಯಂನ ಜಾಗ ಹಿಡಿದು ಕಣಗಳನ್ನು ಗುಂಪುಗೂಡಿಸುತ್ತದೆ, ಮಣ್ಣು ಹೆಂಟೆಗಟ್ಟಿ ನೀರಿಗೆ ದಾರಿ ಬಿಡುತ್ತದೆ. ಜಾಗ ತಪ್ಪಿದ ಸೋಡಿಯಂ ನೀರಿನ ಜೊತೆ ಹೊಲದ ಆಚೆ ಹೋಗಬೇಕು. ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ಹಾಕುವುದು ದುಡ್ಡು ದಂಡ. ಹೊರಹಾಕಿದ್ದು ಅಲ್ಲೇ ಕೂತು ಮತ್ತೆ ಒಳಗೆ ಬರುತ್ತದೆ.

ಕ್ಯಾಲ್ಸಿಯಂ ಆದ ಮೇಲೆ ಚಾರ್ಟಿನಲ್ಲಿ ಒಂದು ತಿರುವು ಇದೆ. 21ರಿಂದ 30ರವರೆಗೆ ಬರುವ ಹೊಸ ಇಲೆಕ್ಟ್ರಾನುಗಳು ಹೊರಗೆ ನಿಲ್ಲದೆ ಒಳಗಿನ ಕವಚಕ್ಕೆ ಇಳಿಯುತ್ತವೆ. ಹೊರಗೆ ಹೆಚ್ಚುಕಡಿಮೆ ಎಲ್ಲಕ್ಕೂ ಎರಡೇ. 25 ಮತ್ತು 26 ಅಷ್ಟೊಂದು ಹೋಲುವುದು ಇದರಿಂದಲೇ. ಈ ಸಾಲಿನ ಕೊನೆಗೆ 30ನೆಯ ಮನೆಯಲ್ಲಿ ಸತು, ಅಂದರೆ ಸಿರುಗುಪ್ಪದ ಗೊಬ್ಬರದ ಅಂಗಡಿಯಲ್ಲಿ ಜಿಂಕ್. ಅದರ ಒಳಕವಚ ಭರ್ತಿ. ಅರ್ಧಂಬರ್ಧ ತುಂಬಿದ ಒಳಕವಚ ಇರುವ ಕಬ್ಬಿಣದ ಅನ್ನಭೇದಿಗೆ ಹಸಿರು ಬಣ್ಣ ಬಂದರೆ, ಜಿಂಕ್ ಸಲ್ಫೇಟು ಬೆಳ್ಳಗೇ ಉಳಿಯುತ್ತದೆ. ಭತ್ತಕ್ಕೆ ಜಿಂಕ್ ಕೊಡುವವರು ಅದನ್ನು ಡಿಎಪಿ ಜೊತೆ ಬೆರೆಸಬಾರದು ಎನ್ನುವುದೂ ಇಲೆಕ್ಟ್ರಾನಿನ ಲೆಕ್ಕವೇ: ಸತುವೂ ರಂಜಕದ ಫಾಸ್ಫೇಟೂ ಒಂದನ್ನೊಂದು ಹಿಡಿದು ಕರಗದ ಉಪ್ಪಾಗುತ್ತವೆ, ಬೇರಿಗೆ ಎರಡೂ ದಕ್ಕುವುದಿಲ್ಲ.

ಇಲ್ಲಿಯವರೆಗಿನದು ಸುಸೂತ್ರ. ತೊಡಕು ಇರುವುದು 18 ಮತ್ತು 19ರ ನಡುವೆ.

ರಷ್ಯದ ಮೆಂಡಲೀವ್ 1869ರಲ್ಲಿ ಕೋಷ್ಟಕ ಕಟ್ಟಿದಾಗ ಗೊತ್ತಿದ್ದ ಧಾತುಗಳು 63. ಪ್ರೋಟಾನು ಯಾರಿಗೂ ಗೊತ್ತಿರಲಿಲ್ಲ, ಇಲೆಕ್ಟ್ರಾನು ಕೂಡ. ಕೈಯಲ್ಲಿದ್ದ ಅಳತೆ ಪರಮಾಣು ತೂಕವೊಂದೇ. ತೂಕದ ಏರಿಕೆಯಲ್ಲಿ ಜೋಡಿಸುತ್ತ, ಗುಣ ಮರುಕಳಿಸಿದ ಕಡೆ ಸಾಲು ಮುರಿಯುತ್ತ ಹೋದ. ಹೊಂದದ ಕಡೆ ಮನೆ ಖಾಲಿ ಬಿಟ್ಟ ಧೈರ್ಯ ಅವನದು. ಆ ಖಾಲಿ ಮನೆಗಳಿಗೆ ಗ್ಯಾಲಿಯಂ 1875ರಲ್ಲಿ, ಸ್ಕ್ಯಾಂಡಿಯಂ 1879ರಲ್ಲಿ, ಜರ್ಮೇನಿಯಂ 1886ರಲ್ಲಿ ಬಂದು ಸೇರಿದವು. 1894ರಲ್ಲಿ ರ‍್ಯಾಲೆ ಮತ್ತು ರಾಮ್ಸೆ ಗಾಳಿಯಿಂದ ಆರ್ಗಾನನ್ನು ಬೇರ್ಪಡಿಸಿದಾಗ ಮಾತ್ರ ಲೆಕ್ಕ ಕೆಟ್ಟಿತು. ಆರ್ಗಾನಿನ ತೂಕ 39.95, ಪೊಟ್ಯಾಸಿಯಂದು 39.10. ತೂಕವನ್ನೇ ನಂಬಿದರೆ ಪೊಟ್ಯಾಸಿಯಂ ನಿಷ್ಕ್ರಿಯ ಅನಿಲಗಳ ಸಾಲಿಗೂ, ಏನನ್ನೂ ಮುಟ್ಟದ ಆರ್ಗಾನು ಸೋಡಿಯಂನ ಕೆಳಗೂ ಹೋಗಬೇಕು. ಮೆಂಡಲೀವನಿಗೆ ಎಷ್ಟು ಇರುಸುಮುರುಸಾಯಿತೆಂದರೆ, ಇದು ಹೊಸ ಧಾತುವೇ ಅಲ್ಲ, ಮೂರು ನೈಟ್ರೋಜನ್ ಪರಮಾಣು ಕೂಡಿದ ಅನಿಲ ಇರಬೇಕೆಂದು ಅವನು ಶಂಕಿಸಿದ. ಕೊನೆಗೆ ಎಲ್ಲರೂ ಗುಣ ನೋಡಿ ಆರ್ಗಾನನ್ನು ಮೊದಲು, ಪೊಟ್ಯಾಸಿಯಂ ಅನ್ನು ನಂತರ ಇಟ್ಟರು. ಜಾಗ ಸರಿ ಇತ್ತು, ನಿಯಮ ಇರಲಿಲ್ಲ.

ನಿಯಮ ಕೊಟ್ಟವನು ಹೆನ್ರಿ ಮೋಸ್ಲಿ. 1913ರಲ್ಲಿ ಅವನು ಒಂದೊಂದೇ ಧಾತುವಿಗೆ ಇಲೆಕ್ಟ್ರಾನುಗಳನ್ನು ಬಡಿಸಿ, ಅವು ಹೊಮ್ಮಿಸುವ ಎಕ್ಸ್-ರೇಗಳ ಆವೃತ್ತಿಯನ್ನು ಅಳೆದ. ಆ ಆವೃತ್ತಿಯ ವರ್ಗಮೂಲ ಧಾತುವಿನಿಂದ ಧಾತುವಿಗೆ ಸಮನಾದ ಮೆಟ್ಟಿಲುಗಳಲ್ಲಿ ಏರುತ್ತಿತ್ತು. ತೂಕ ಹೀಗೆ ಏರುವುದಿಲ್ಲ. ನ್ಯೂಕ್ಲಿಯಸ್ಸಿನ ವಿದ್ಯುದಂಶ ಮಾತ್ರ ಒಂದೊಂದಾಗಿ ಏರುತ್ತದೆ. ಮನೆಯ ನಂಬರಿಗೆ ಮೊದಲ ಬಾರಿ ಅರ್ಥ ಬಂತು. ಎಲ್ಲಿ ಮೆಟ್ಟಿಲು ತಪ್ಪಿದೆ ಎಂದೂ ಹೇಳುವಂತಾಯಿತು: ಉದಾಹರಣೆಗೆ ಮ್ಯಾಂಗನೀಸಿನ ಕೆಳಗಿನ 43. ಅದು 1937ರಲ್ಲಿ ಸಿಕ್ಕಿತು, ಅದೂ ಗಣಿಯಲ್ಲಲ್ಲ, ಸೈಕ್ಲೋಟ್ರಾನಿನಲ್ಲಿ ತಾಡಿತಗೊಂಡ ಮಾಲಿಬ್ಡಿನಂ ತಗಡಿನಲ್ಲಿ. ಅದೇ ಟೆಕ್ನೀಷಿಯಂ, ಇವತ್ತು ಆಸ್ಪತ್ರೆಗಳ ನ್ಯೂಕ್ಲಿಯರ್ ಸ್ಕ್ಯಾನಿಗೆ ಬಳಸುವುದು. ಮೋಸ್ಲಿ ಇದನ್ನು ನೋಡಲು ಉಳಿಯಲಿಲ್ಲ. 1915ರ ಆಗಸ್ಟಿನಲ್ಲಿ, ಗಲಿಪೊಲಿಯ ಯುದ್ಧದಲ್ಲಿ ಗುಂಡು ತಗುಲಿ ಸತ್ತ. ವಯಸ್ಸು 27.

ಮೋಸ್ಲಿ ಸಾಲನ್ನು ಸರಿಪಡಿಸಿದ, ಸರಿ. ಆದರೆ ಒಂದು ಪ್ರೋಟಾನು ಕಡಿಮೆ ಇರುವ ಆರ್ಗಾನು ಯಾಕೆ ಹೆಚ್ಚು ತೂಗಬೇಕು? ಶಾಲೆಯ ಪುಸ್ತಕಗಳು ಇಲ್ಲಿಗೆ ಬಂದು ಸುಮ್ಮನಾಗುತ್ತವೆ, ನನಗೆ ಇದು ಅನ್ಯಾಯವೆನಿಸುತ್ತದೆ. ಯಾಕೆಂದರೆ ಉತ್ತರ ಕುರುಗೋಡಿನ ಗುಡ್ಡದಲ್ಲಿ ಕುಳಿತಿದೆ.

12ನೆಯ ಶತಮಾನದಲ್ಲಿ ಸಿಂದರು ಆಳಿದ ಊರು ಅದು, ಈಗ ದೊಡ್ಡ ಬಸವೇಶ್ವರನ ಹೆಸರಿನಿಂದ ಪ್ರಸಿದ್ಧ. ಸುತ್ತ ಗ್ರಾನೈಟ್ ಬಂಡೆಗಳ ಗುಡ್ಡಗಳು. ಈ ಸೀಮೆಯ ಗ್ರಾನೈಟುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಗ್ರಾನೈಟಿನಲ್ಲಿ ನಸುಗೆಂಪಾಗಿ ಕಾಣುವ ಹರಳುಗಳು ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್. ಪೊಟ್ಯಾಸಿಯಂನ ನೂರು ಪರಮಾಣುಗಳಲ್ಲಿ 93ರ ತೂಕ 39. ಆದರೆ ಹತ್ತು ಸಾವಿರಕ್ಕೆ ಒಂದರಂತೆ 40ರ ತೂಕದವೂ ಇವೆ, ಮತ್ತು ಅವು ನಿಲ್ಲುವ ಪೈಕಿಯಲ್ಲ. ಅವುಗಳ ಅರ್ಧಾಯು 125 ಕೋಟಿ ವರ್ಷ. ಅಂದರೆ ಈ ಬಂಡೆ ಗಟ್ಟಿಯಾದಾಗ ಎಷ್ಟಿದ್ದವೋ ಅದರಲ್ಲಿ ಕಾಲುಭಾಗ ಮಾತ್ರ ಈಗ ಉಳಿದಿವೆ.

ಹೋದವು ಎಲ್ಲಿಗೆ ಹೋದವು? ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಒಂದು ನ್ಯೂಟ್ರಾನು ಪ್ರೋಟಾನಾಗಿ, 19 ಹೋಗಿ 20 ಆಯಿತು, ಕ್ಯಾಲ್ಸಿಯಂ. ಉಳಿದ ಒಂದರಲ್ಲಿ ನ್ಯೂಕ್ಲಿಯಸ್ಸು ತನ್ನದೇ ಒಳಕವಚದ ಇಲೆಕ್ಟ್ರಾನೊಂದನ್ನು ನುಂಗಿತು, ಒಂದು ಪ್ರೋಟಾನು ನ್ಯೂಟ್ರಾನಾಯಿತು, 19 ಹೋಗಿ 18 ಆಯಿತು, ಆರ್ಗಾನ್. ಎರಡೂ ಸಲ ಒಟ್ಟು 40 ಹಾಗೇ ಉಳಿಯಿತು. ತೋರಣಗಲ್ಲಿನ ಬೆಂಕಿಯಿಂದ ಆಗದ ಮನೆ ಬದಲಾವಣೆ ತಣ್ಣನೆಯ ಬಂಡೆಯೊಳಗೆ ತಾನಾಗಿ ಆಗುತ್ತಿದೆ. ಒಂದು ಕಿಲೋ ಗ್ರಾನೈಟಿನಲ್ಲಿ ನೂರಕ್ಕೆ 4 ಭಾಗ ಪೊಟ್ಯಾಸಿಯಂ ಇದೆ ಎಂದಿಟ್ಟುಕೊಂಡರೆ, ಪ್ರತಿ ಸೆಕೆಂಡಿಗೆ ಸುಮಾರು 1,200 ಪರಮಾಣುಗಳು ಹೀಗೆ ಬದಲಾಗುತ್ತವೆ, ಅವುಗಳಲ್ಲಿ 130ರಷ್ಟು ಆರ್ಗಾನಾಗುತ್ತವೆ. ಹೆದರಬೇಕಾದ್ದಿಲ್ಲ, ನಮ್ಮ ಮೈಯ ಪೊಟ್ಯಾಸಿಯಂನಲ್ಲೂ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಬದಲಾಗುತ್ತಲೇ ಇರುತ್ತವೆ. ಹರಳಿನಲ್ಲಿ ಸಿಕ್ಕಿಕೊಂಡ ಆರ್ಗಾನನ್ನು ಅಳೆದು ಬಂಡೆಯ ವಯಸ್ಸು ಹೇಳುವ ವಿಧಾನವೂ ಇದರಿಂದಲೇ ಬಂದದ್ದು.

ಜ್ವಾಲಾಮುಖಿಗಳಿಂದ, ಸವೆಯುವ ಬಂಡೆಗಳಿಂದ ಈ ಆರ್ಗಾನು ಗಾಳಿಗೆ ಸೇರುತ್ತ ಬಂದಿದೆ. ಕುರುಗೋಡಿನದು ಅದರಲ್ಲಿ ಚಿಟಿಕೆಯಷ್ಟು ಪಾಲು. ಇಡೀ ಭೂಮಿಯ ಒಡಲಿನದು ಉಳಿದದ್ದು. ಇವತ್ತು ಗಾಳಿಯ ಆರ್ಗಾನಿನಲ್ಲಿ ನೂರಕ್ಕೆ 99.6 ಭಾಗ ಈ 40ರ ತೂಕದ್ದೇ. ಸೂರ್ಯನಲ್ಲಿ ಹಾಗಿಲ್ಲ. ಅಲ್ಲಿನ ಆರ್ಗಾನಿನಲ್ಲಿ 36ರ ತೂಕದ್ದೇ ಬಹುಪಾಲು, ಕ್ಲೋರಿನ್ನಿನ 35.45ಕ್ಕೂ ಪೊಟ್ಯಾಸಿಯಂನ 39.10ಕ್ಕೂ ನಡುವೆ ಅಚ್ಚುಕಟ್ಟಾಗಿ ಕೂರುವಂಥದು. ಮೆಂಡಲೀವನ ಕೈಗೆ ಸೂರ್ಯನ ಆರ್ಗಾನು ಸಿಕ್ಕಿದ್ದರೆ ಅವನ ತೂಕದ ಸಾಲು ಇಲ್ಲಿ ಮುರಿಯುತ್ತಲೇ ಇರಲಿಲ್ಲ. ಅವನಿಗೆ ಸಿಕ್ಕದ್ದು ಬಂಡೆ ಹೆತ್ತ ಆರ್ಗಾನು.

ಆ ಆರ್ಗಾನಿಗೆ ಬಳ್ಳಾರಿ ಜಿಲ್ಲೆಯಲ್ಲೇ ದೊಡ್ಡ ಕೆಲಸವೊಂದಿದೆ. ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕು ತುಂಬಿದ ದೊಡ್ಡ ಪಾತ್ರೆಯ, ಅಂದರೆ ಲ್ಯಾಡಲ್ಲಿನ, ತಳದಿಂದ ಆರ್ಗಾನನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತಾರೆ. ಬಿಸಿ ಸಮನಾಗುತ್ತದೆ, ಬೆರೆಸಿದ ಲೋಹಗಳು ಎಲ್ಲ ಕಡೆ ಹರಡುತ್ತವೆ, ಕಲ್ಮಷ ಮೇಲೆ ತೇಲುತ್ತದೆ. ನೈಟ್ರೋಜನ್ ಆದರೆ ಅಗ್ಗ, ಗಾಳಿಯಲ್ಲಿ ನೂರಕ್ಕೆ 78 ಭಾಗ ಅದೇ. ಆದರೆ ಅದು ಉಕ್ಕಿನಲ್ಲಿ ಕರಗಿ ಉಕ್ಕನ್ನು ಬಿರುಸು ಮಾಡುತ್ತದೆ. 2, 8, 8ರ ಆರ್ಗಾನು ಕರಗದೆ ಹೊರಬರುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಒಂದೂ ಇಲ್ಲ, 0.93 ಅಷ್ಟೆ. ಹಾಗಾಗಿ ಉಕ್ಕಿಗೆ ಬೇಕಾದ ಆಕ್ಸಿಜನ್ನಿಗೆಂದು ಗಾಳಿಯನ್ನು ದ್ರವ ಮಾಡುವ ಘಟಕಗಳಲ್ಲೇ ಅದನ್ನೂ ತೆಗೆಯುವುದು ವಾಡಿಕೆ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ತೋರಣಗಲ್ಲಿನಿಂದ ಆಸ್ಪತ್ರೆಗಳಿಗೆ ಆಕ್ಸಿಜನ್ ಟ್ಯಾಂಕರು ಹೊರಟದ್ದು ಇಂಥ ಘಟಕಗಳಿಂದ. ನೈಟ್ರೋಜನ್ ಕುದಿಯುವುದು ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಆರ್ಗಾನು 186, ಆಕ್ಸಿಜನ್ 183. ಕೊನೆಯ ಎರಡರ ನಡುವೆ ಮೂರೇ ಡಿಗ್ರಿ ಅಂತರ. ಇಂಥ ಘಟಕಗಳಲ್ಲಿ ಆರ್ಗಾನು ಬೇರ್ಪಡಿಸುವ ಗೋಪುರವನ್ನು ಅಷ್ಟೊಂದು ಎತ್ತರ ಕಟ್ಟುವುದು ಆ ಮೂರು ಡಿಗ್ರಿಗಾಗಿ.